ಮಳೆಗಾಲಕ್ಕೆ ಬೇಸ್ ಗಿಟಾರ್ ಎಲ್ಲಿಡುವುದು? ಕಳೆದ ಸಲ ಅಟ್ಟದ ಮೇಲಿಟ್ಟು ಕೆಟ್ಟೆ

ಕೊಟ್ಟಿಗೆಹಾರ_ಹುಡುಗ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕೊಟ್ಟಿಗೆಹಾರದ ಹತ್ತಿರ. ಕೆಲಸ ಬೆಂಗಳೂರಿನಲ್ಲಿ. ಪಿ.ಜಿ.ಯ ಒಂದೇ ರೂಮಿನಲ್ಲಿ ನಾಲ್ಕು ಜನ ಇದ್ದೇವೆ. ಬೇಸ್ ಇಡಲು ಜಾಗವಿಲ್ಲ, ಹಾಗಾಗಿ ಅದು ಊರಿನಲ್ಲೇ ಇರುತ್ತದೆ.

ಕಳೆದ ವರ್ಷ ಜೂನ್ ಮೊದಲ ವಾರ ಅದನ್ನು ಬಟ್ಟೆಯ ಗಿಗ್ ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಮೇಲೆ ಪ್ಲಾಸ್ಟಿಕ್ ಶೀಟ್ ಸುತ್ತಿ ಅಟ್ಟದ ಮೇಲಿಟ್ಟು ಹೋದೆ. ಭಾರಿ ಜೋಪಾನ ಮಾಡಿದೆ ಅಂದುಕೊಂಡಿದ್ದೆ. ದೀಪಾವಳಿಗೆ ಬಂದು ಬಿಚ್ಚಿದರೆ ಮೊದಲು ಬಂದದ್ದು ವಾಸನೆ, ನೆನೆದ ಗೋಣಿಚೀಲದ್ದು. ಚರ್ಮದ ಸ್ಟ್ರ್ಯಾಪ್ ಮೇಲೆ ಹಸಿರು ಬೂಷ್ಟು. ತಂತಿ ಪೂರ್ತಿ ಕಂದು. ತಂತಿಯ ಬುಡ ಕೂರುವ ಬ್ರಿಜ್‌ನ ಸಣ್ಣ ಸ್ಕ್ರೂಗಳು ತಿರುಗಲೇ ಇಲ್ಲ. ಒಳಗಿದ್ದ 9 ವೋಲ್ಟ್ ಬ್ಯಾಟರಿ ಸೋರಿ ಡಬ್ಬಿಯ ತಗಡನ್ನೇ ತಿಂದಿತ್ತು. ನೆಕ್, ಅಂದರೆ ಬೇಸ್‌ನ ಉದ್ದನೆಯ ಕತ್ತು, ಬಗ್ಗಿ ತಂತಿ ಎಷ್ಟು ಮೇಲೆದ್ದಿತ್ತೆಂದರೆ 12ನೇ ಫ್ರೆಟ್ (ನೆಕ್ ಮೇಲಿನ ಲೋಹದ ಪಟ್ಟಿ) ಒತ್ತಲು ಹೆಬ್ಬೆರಳು ನೋಯುತ್ತಿತ್ತು. ರಿಪೇರಿಗೆ 3,500 ರೂಪಾಯಿ ಆಯಿತು.

ಈ ಸಲವೂ ಜೂನ್‌ನಿಂದ ಅಕ್ಟೋಬರ್‌ವರೆಗೆ ನಾನಿರುವುದಿಲ್ಲ. ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ. ಎಲ್ಲಿಡಲಿ? ತಂತಿ ಬಿಚ್ಚಿಡಲಾ? ಹಾರ್ಡ್ ಕೇಸ್ ಕೊಂಡರೆ ಸಾಕಾ?

ಹಳೇ_ಆರ್ಕೆಸ್ಟ್ರಾ_ಹಾಸನ

ತಮ್ಮಾ, ನಮ್ಮೂರ ಹಾಸನಾಂಬೆ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ತೆಗೆಯುತ್ತಾರೆ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ, ಹೂವು ಬಾಡಿರುವುದಿಲ್ಲ ಅನ್ನುತ್ತಾರೆ. ಅದು ದೇವಿಯ ಮಹಿಮೆ. ನೀವೂ ಬೇಸನ್ನು ಹಾಗೇ ಮುಚ್ಚಿಟ್ಟು ದೀಪಾವಳಿಗೆ ಬಾಗಿಲು ತೆಗೆದಿರಿ. ಬೇಸ್ ದೇವರಲ್ಲ, ಬಾಡಿತು.

ನಿಮ್ಮ ತಪ್ಪು ಅಟ್ಟಕ್ಕಿಂತ ಜಾಸ್ತಿ ಆ ಪ್ಲಾಸ್ಟಿಕ್ ಶೀಟಿನದು. ಜೂನ್ ಗಾಳಿಯ ತೇವವನ್ನು ಒಳಗೆ ಸೇರಿಸಿ ಗಂಟು ಕಟ್ಟಿದಿರಿ. ಮೇಲೆ ಹೆಂಚು ರಾತ್ರಿ ತಣ್ಣಗಾದಾಗ ಆ ತೇವವೆಲ್ಲ ಲೋಹದ ಮೇಲೆ ಕೂತಿತು. ಮಲೆನಾಡಿನಲ್ಲಿ ಮರದ ಸಾಮಾನಿಗೆ ಬೇಕಾಗಿರುವುದು ಓಡಾಡುವ ಗಾಳಿ. ನಡುಮನೆಯಲ್ಲಿ, ಜನ ಕೂರುವ ಜಾಗದಲ್ಲಿ ಇಡಿ.

ರೋಬಸ್ಟಾ_ಸಕಲೇಶಪುರ

ಅಣ್ಣ ಹೇಳಿದ್ದು ಸರಿ, ಆದರೆ ಅರ್ಧ. ನಾನೂ ಚರ್ಚಿನಲ್ಲಿ ಬೇಸ್ ನುಡಿಸುವವನು. ಎರಡು ವರ್ಷದ ಹಿಂದೆ ಇದೇ ಮಾತು ಕೇಳಿ ನಡುಮನೆಯ ಗೋಡೆಗೆ ಹ್ಯಾಂಗರ್ ಹೊಡೆದು ನೇತುಹಾಕಿದೆ. ಪಶ್ಚಿಮದ ಗೋಡೆ. ಜುಲೈನಲ್ಲಿ ಆ ಗೋಡೆ ಹೊರಗಿನ ಮಳೆಯನ್ನೆಲ್ಲ ಕುಡಿದು ಒಳಗೆ ಬೆವರುತ್ತದೆ. ಬೇಸ್‌ನ ಬೆನ್ನಿನ ಮೇಲೆ ಬಿಳಿ ಬೂಷ್ಟಿನ ನಕಾಶೆ ಬಂದಿತ್ತು. ನೇತುಹಾಕುವುದಾದರೆ ಒಳಗಿನ ಗೋಡೆ ಆರಿಸಿ. ಎರಡೂ ಕಡೆ ಕೋಣೆ ಇರುವ ಗೋಡೆ.

ನೆಲದ ಮೇಲಂತೂ ಬೇಡ. ರೆಡ್ ಆಕ್ಸೈಡ್ ನೆಲ ಮಳೆಗಾಲದಲ್ಲಿ ಹೇಗೆ ಬೆವರುತ್ತದೆ ಅಂತ ನಿಮಗೇ ಗೊತ್ತು.

ಇನ್ನೊಂದು ವಿಷಯ, ನಗಬೇಡಿ. ಹೀಗೆ ತೆರೆದಿಟ್ಟ ಬೇಸ್‌ನ ಜ್ಯಾಕ್ ತೂತಿನಲ್ಲಿ ಕುಂಬಾರ ಹುಳ ಮಣ್ಣಿನ ಗೂಡು ಕಟ್ಟಿತ್ತು. ಭಾನುವಾರ ಆರಾಧನೆ ಶುರುವಾಗಲು ಐದು ನಿಮಿಷ ಇರುವಾಗ ಕೇಬಲ್ ಒಳಗೆ ಹೋಗುತ್ತಿಲ್ಲ! ಈಗ ಜ್ಯಾಕಿಗೆ ಸಣ್ಣ ರಬ್ಬರ್ ಬಿರಡೆ ಹಾಕಿಡುತ್ತೇನೆ.

ಕಾಫಿನಾಡು_ಅಕ್ಕ

ಹುಳದ ಕಥೆ ಓದಿ ಕಾಫಿ ಚೆಲ್ಲಿಕೊಂಡೆ.

ಕಾಫಿ ಒಣಗಿಸಿ ಗೊತ್ತಿರುವವರಿಗೆ ಇದು ಹೊಸ ವಿದ್ಯೆಯೇನಲ್ಲ. ಪಾರ್ಚ್‌ಮೆಂಟನ್ನು (ಹಣ್ಣಿನ ಸಿಪ್ಪೆ ಸುಲಿದು ತೊಳೆದ ಕಾಫಿ ಬೀಜ) ತೇವ ಶೇ. 10ಕ್ಕೆ ಬರುವವರೆಗೆ ಒಣಗಿಸುತ್ತೇವೆ. ಹಾಗೆ ಒಣಗಿಸಿದ್ದನ್ನು ಮಳೆಗಾಲದಲ್ಲಿ ತೆರೆದ ಕೋಣೆಯಲ್ಲಿ ಬಿಟ್ಟರೆ ಗಾಳಿಯಿಂದಲೇ ತೇವ ಎಳೆದುಕೊಂಡು ಬಣ್ಣಗೆಡುತ್ತದೆ. ಮರವೂ ಅದೇ ಜಾತಿ. ಗಾಳಿಯಲ್ಲಿ ತೇವ ಜಾಸ್ತಿಯಾದರೆ ಹೀರಿ ಉಬ್ಬುತ್ತದೆ, ಕಡಿಮೆಯಾದರೆ ಬಿಟ್ಟು ಕುಗ್ಗುತ್ತದೆ. ಗಿಟಾರ್ ಮಾಡುವವರು ಗಾಳಿಯ ತೇವ ಶೇ. 45ರಿಂದ 55ರ ನಡುವೆ ಇಡಿ ಅನ್ನುತ್ತಾರೆ. ನಮ್ಮ ಜುಲೈನಲ್ಲಿ ಮನೆಯೊಳಗೇ 85, 90 ತೋರಿಸುತ್ತದೆ. 50 ಕನಸಿನ ಮಾತು. 65ರ ಆಸುಪಾಸಿಗೆ ತಂದರೆ ಬೂಷ್ಟು ಬರುವುದಿಲ್ಲ, ಅಷ್ಟಕ್ಕೆ ಸಮಾಧಾನ ಪಟ್ಟುಕೊಳ್ಳಿ.

ಎಲ್ಲಕ್ಕಿಂತ ಮೊದಲು ಗಾಳಿಯ ತೇವ ಅಳೆಯುವ ಒಂದು ಹೈಗ್ರೋಮೀಟರ್ ತೆಗೆದುಕೊಳ್ಳಿ. ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಅದಿಲ್ಲದೆ ನಾವೆಲ್ಲ ಸುಮ್ನೆ ಮೂಗಿನಲ್ಲಿ ಅಳೆಯುತ್ತಿದ್ದೇವೆ.

ಅರಸೀಕೆರೆ_ತೆಂಗು

ನಮ್ಮ ಕಡೆ ಇದರ ಉಲ್ಟಾ ಮಾರಾಯರೇ. ನಿಮಗೆ ನೀರು ಹೆಚ್ಚು, ನಮಗೆ ಇಲ್ಲ. ಒಂದೇ ಜಿಲ್ಲೆ ಅನ್ನಬೇಕಷ್ಟೆ, ಸಕಲೇಶಪುರದವರು ಕೊಡೆ ಮಡಿಸುವುದರೊಳಗೆ ನಮ್ಮಲ್ಲಿ ಬಿಸಿಲು. ಮಾರ್ಚ್ ತಿಂಗಳಲ್ಲಿ ನನ್ನ ಬೇಸ್‌ನ ನೆಕ್ ಸವರಿದರೆ ಫ್ರೆಟ್ ತುದಿಗಳು ಗರಗಸದ ಹಲ್ಲಿನ ಹಾಗೆ ಕೈಗೆ ಚುಚ್ಚುತ್ತವೆ. ಮರ ಕುಗ್ಗುತ್ತದೆ, ಫ್ರೆಟ್ ಕುಗ್ಗುವುದಿಲ್ಲ, ಅದಕ್ಕೆ.

ಒಂದು ಸಂದೇಹ. ಫಿಂಗರ್‌ಬೋರ್ಡಿಗೆ (ಫ್ರೆಟ್ ಕೂತಿರುವ ಮರದ ಹಲಗೆ) ಕೊಬ್ಬರಿ ಎಣ್ಣೆ ಹಚ್ಚಬಹುದಾ? ನಮ್ಮಲ್ಲಿ ಅದಕ್ಕೇನು ಬರವಿಲ್ಲ.

ಸೋಲ್ಡರ್_ಚಿಕ್ಕಮಗಳೂರು

ಕೊಬ್ಬರಿ ಎಣ್ಣೆ ಬೇಡ ಸಾರ್. ತಲೆಗೆ ಹಚ್ಚಿ, ದೋಸೆಗೆ ಹಾಕಿ. ಮರಕ್ಕೆ ಹಚ್ಚಿದರೆ ಕೆಲವು ತಿಂಗಳಿಗೆ ಕಮಟು ವಾಸನೆ ಬರುತ್ತದೆ, ಅಂಟಾಗುತ್ತದೆ, ಧೂಳು ಹಿಡಿಯುತ್ತದೆ. 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಎಣ್ಣೆ ಅದು. ನಮ್ಮ ಚಳಿಗೆ ಫ್ರೆಟ್ ಪಕ್ಕದಲ್ಲಿ ಬೆಣ್ಣೆ ಕಟ್ಟಿದ ಹಾಗೆ ಕೂರುತ್ತದೆ. ಫಿಂಗರ್‌ಬೋರ್ಡಿಗೆಂದೇ ಮಾರುವ ಎಣ್ಣೆ ಸಿಗುತ್ತದೆ. ವರ್ಷಕ್ಕೆ ಒಂದೆರಡು ಸಲ, ನಾಲ್ಕೈದು ಹನಿ, ಹಚ್ಚಿ ಹತ್ತು ನಿಮಿಷಕ್ಕೆ ಒರೆಸಿಬಿಡಿ. ಅದೂ ರೋಸ್‌ವುಡ್, ಎಬೊನಿಗೆ ಮಾತ್ರ. ಮೇಪಲ್ ಬೋರ್ಡಿನ ಮೇಲೆ ಸಾಮಾನ್ಯವಾಗಿ ಪಾಲಿಶ್ ಇರುತ್ತದೆ, ಎಣ್ಣೆ ಒಳಗೆ ಹೋಗುವುದೇ ಇಲ್ಲ.

ಇನ್ನು ಕೊಟ್ಟಿಗೆಹಾರದವರ ತಂತಿ ಪ್ರಶ್ನೆ. ತಂತಿ ಪೂರ್ತಿ ಬಿಚ್ಚಬೇಡಿ. ಯಾಕೆ ಅಂತ ಹೇಳುತ್ತೇನೆ, ಸ್ವಲ್ಪ ಉದ್ದವಾಗುತ್ತದೆ.

1951ರಲ್ಲಿ ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ ಪ್ರಿಸಿಷನ್ ಬೇಸ್ ತಂದಾಗ ತಂತಿಯ ಉದ್ದ 34 ಇಂಚು ಇಟ್ಟರು. ಇವತ್ತಿಗೂ ಹೆಚ್ಚಿನ ಬೇಸ್‌ಗಳದ್ದು ಅದೇ ಅಳತೆ. ಸರಿಯಾಗಿ ಶ್ರುತಿ ಮಾಡಿದ ನಾಲ್ಕು ತಂತಿಗಳು ಸೇರಿ ಆ ಉದ್ದನೆಯ ನೆಕ್ಕನ್ನು ಸುಮಾರು 70-80 ಕೆಜಿ ಬಲದಿಂದ ಎಳೆಯುತ್ತವೆ. 50 ಕೆಜಿಯ ಕಾಫಿ ಮೂಟೆ ಒಂದೂವರೆ ಅಂದುಕೊಳ್ಳಿ. ಅದನ್ನು ತಡೆಯಲು ನೆಕ್ ಒಳಗೆ ಟ್ರಸ್ ರಾಡ್ ಅನ್ನುವ ಉಕ್ಕಿನ ಸರಳು ಇದೆ. ತಂತಿ ಮುಂದಕ್ಕೆ ಎಳೆಯುತ್ತದೆ, ಸರಳು ಹಿಂದಕ್ಕೆ. ಇಬ್ಬರ ಹಗ್ಗಜಗ್ಗಾಟದಲ್ಲಿ ನೆಕ್ ನೆಟ್ಟಗೆ ನಿಂತಿರುತ್ತದೆ. ಒಂದು ಕಡೆಯವರು ಹಗ್ಗ ಬಿಟ್ಟರೆ ಇನ್ನೊಂದು ಕಡೆಯವರು ಬೀಳುತ್ತಾರೆ. ತಂತಿ ಬಿಚ್ಚಿ ಐದು ತಿಂಗಳು ಇಟ್ಟರೆ ಸರಳೊಂದೇ ಎಳೆದೆಳೆದು ನೆಕ್ ಹಿಂದಕ್ಕೆ ಬಾಗಬಹುದು.

ಐದು ತಿಂಗಳಿಗೆ ಶ್ರುತಿಯಲ್ಲೇ ಬಿಡಿ. ಮನಸ್ಸು ತಡೆಯದಿದ್ದರೆ ಒಂದು ಸ್ವರ ಇಳಿಸಿ. ಅಷ್ಟೆ.

ಹಳೇ_ಆರ್ಕೆಸ್ಟ್ರಾ_ಹಾಸನ

ಇದನ್ನು ಒಪ್ಪುವುದಿಲ್ಲ. ನಮ್ಮ ಕಾಲದಲ್ಲಿ ಗಣೇಶನ ಸೀಸನ್ನು, ರಾಜ್ಯೋತ್ಸವ ಮುಗಿದ ಮೇಲೆ ತಂತಿ ಸಡಿಲ ಮಾಡಿಯೇ ಇಡುತ್ತಿದ್ದೆವು. ಏನೂ ಆಗಲಿಲ್ಲ.

ಸೋಲ್ಡರ್_ಚಿಕ್ಕಮಗಳೂರು

ಸಾರ್, ನೀವು ಇಟ್ಟದ್ದು ಹಾಸನದಲ್ಲಿ, ಅದೂ ಒಣ ತಿಂಗಳುಗಳಲ್ಲಿ. ಜೊತೆಗೆ ಹಳೆಯ ಕೆಲವು ಬೇಸ್‌ಗಳಲ್ಲಿ ಸರಳು ಕೆಲಸವನ್ನೇ ಮಾಡುತ್ತಿರಲಿಲ್ಲ, ಎಳೆಯಲು ಯಾರೂ ಇರಲಿಲ್ಲ 😄

ಹಳೇ_ಆರ್ಕೆಸ್ಟ್ರಾ_ಹಾಸನ

ಅದೂ ಇರಬಹುದು. ನಮ್ಮ ಬೇಸ್‌ನಲ್ಲಿ ಕೆಲಸ ಮಾಡದ ಸಾಮಾನು ಅದೊಂದೇ ಅಲ್ಲ.

ಮಲೆನಾಡು_ಲೋ_ನೋಟ್

ನಾನು ಕೊಪ್ಪ ಕಡೆಯವಳು, ಕಲಿಯಲು ಶುರು ಮಾಡಿ ಆರು ತಿಂಗಳು. ಕೇಸಿನೊಳಗೆ ಅಕ್ಕಿ ಹಾಕಬಹುದಾ? ಅಥವಾ ಉಪ್ಪು? ಅಜ್ಜಿ ನುಸಿಗುಳಿಗೆ, ಕರ್ಪೂರ ಹಾಕು ಅನ್ನುತ್ತಿದ್ದಾರೆ.

ಕಾಫಿನಾಡು_ಅಕ್ಕ

ಅಕ್ಕಿ ಹಾಕಿದರೆ ಮೊದಲು ಇಲಿ ಬರುತ್ತದೆ ಪುಟ್ಟಾ. ಗಿಗ್ ಬ್ಯಾಗ್ ಕಡಿದು ಒಳಗೆ ಸಂಸಾರ ಹೂಡುತ್ತದೆ. ಉಪ್ಪಂತೂ ಮುಟ್ಟಲೇಬೇಡ, ತುಕ್ಕಿಗೆ ಆಮಂತ್ರಣ ಕೊಟ್ಟ ಹಾಗೆ.

ಬೀರುವಿನಲ್ಲಿ ಇಡುವ, ನೀರು ತುಂಬಿಕೊಳ್ಳುವ ಪ್ಲಾಸ್ಟಿಕ್ ಡಬ್ಬಿಗಳನ್ನೂ ಬೇಸ್ ಕೇಸಿನೊಳಗೆ ಇಡಬೇಡಿ. ಅವುಗಳಲ್ಲಿ ಹೆಚ್ಚಾಗಿ ಇರುವುದು ಕ್ಯಾಲ್ಸಿಯಂ ಕ್ಲೋರೈಡ್. ತೇವ ಎಳೆಯುವುದರಲ್ಲಿ ಗಟ್ಟಿ. ಆದರೆ ಆ ನೀರು ಚೆಲ್ಲಿದರೆ ಲೋಹವನ್ನು ತಿನ್ನುತ್ತದೆ. ಬೀರುವಿನ ಮೂಲೆಯಲ್ಲಿ ನೆಟ್ಟಗೆ ನಿಂತಿದ್ದರೆ ಸರಿ.

ಸೋಲ್ಡರ್_ಚಿಕ್ಕಮಗಳೂರು

ಅಜ್ಜಿಯ ಕರ್ಪೂರದ ಬಗ್ಗೆ ಒಂದು ಮಾತು, ಯಾಕೆಂದರೆ ಇದು ನನಗೆ ಬಹಳ ಇಷ್ಟದ ವಿಷಯ. ಹಳೆಯ ಕಾಲದ ಸೆಲ್ಯುಲಾಯ್ಡ್ ಪ್ಲಾಸ್ಟಿಕ್ ಮಾಡುತ್ತಿದ್ದುದೇ ನೈಟ್ರೊಸೆಲ್ಯುಲೋಸ್‌ಗೆ ಕರ್ಪೂರ ಸೇರಿಸಿ. ಕರ್ಪೂರ ಅದನ್ನು ಮೆತ್ತಗೆ ಮಾಡುತ್ತದೆ. ಹಲವು ಹಳೆಯ ಅಥವಾ ದುಬಾರಿ ಗಿಟಾರುಗಳ ಮೇಲಿನ ಪಾಲಿಶ್ ಕೂಡ ನೈಟ್ರೊಸೆಲ್ಯುಲೋಸೇ. ಮುಚ್ಚಿದ ಕೇಸಿನಲ್ಲಿ ಅದರ ಜೊತೆ ಕರ್ಪೂರ ಇಟ್ಟರೆ ಏನಾಗಬಹುದು, ನೀವೇ ಊಹಿಸಿ. ಅಂಥ ಪಾಲಿಶ್ ಇದ್ದರೆ ಸ್ಟ್ಯಾಂಡಿನ ರಬ್ಬರನ್ನೂ ನೋಡಿಕೊಳ್ಳಿ, ಕೆಲವು ರಬ್ಬರು ತಿಂಗಳುಗಟ್ಟಲೆ ಮುಟ್ಟಿಕೊಂಡಿದ್ದರೆ ಪಾಲಿಶ್ ಕರಗಿ ಕಲೆ ಬೀಳುತ್ತದೆ. ಹತ್ತಿ ಬಟ್ಟೆ ಸುತ್ತಿದರೆ ಸಾಕು. ಕಡಿಮೆ ಬೆಲೆಯ ಬೇಸ್‌ಗಳಲ್ಲಿ ಹೆಚ್ಚಾಗಿ ಪಾಲಿ (ಪಾಲಿಯುರೆಥೇನ್ ಅಥವಾ ಪಾಲಿಯೆಸ್ಟರ್) ಪಾಲಿಶ್ ಇರುತ್ತದೆ, ಅದಕ್ಕೆ ಈ ಹೆದರಿಕೆಯಿಲ್ಲ. ನುಸಿಗುಳಿಗೆ ಯಾವುದಕ್ಕೂ ಬೇಡ, ಕೆಲವು ಪ್ಲಾಸ್ಟಿಕ್‌ಗಳಿಗೆ ಅದು ಆಗದು.

ರೋಬಸ್ಟಾ_ಸಕಲೇಶಪುರ

ಸಿಲಿಕಾ ಜೆಲ್?

ಕಾಫಿನಾಡು_ಅಕ್ಕ

ಒಳ್ಳೆಯದು, ಆದರೆ ಜನ ಅದನ್ನು ತಪ್ಪು ತಿಳಿದಿದ್ದಾರೆ. ಶೂ ಡಬ್ಬಿಯಲ್ಲಿ ಬಂದ ಎರಡು ಪುಟ್ಟ ಪೊಟ್ಟಣ ಹಾಕಿ ಆಯಿತು ಅನ್ನುತ್ತಾರೆ. ಸಿಲಿಕಾ ಜೆಲ್ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ನೀರು ಹಿಡಿಯುತ್ತದೆ. ಆಮೇಲೆ ಅದು ಬರೀ ಮರಳು. ಬಟ್ಟೆಯ ಗಿಗ್ ಬ್ಯಾಗಿನಲ್ಲಿ ಅದು ಇಡೀ ಮಲೆನಾಡಿನ ಗಾಳಿಯನ್ನು ಒಣಗಿಸಲು ಹೊರಡುತ್ತದೆ, ಒಂದೆರಡು ದಿನಕ್ಕೆ ಸುಸ್ತು. ಬಿಗಿಯಾಗಿ ಮುಚ್ಚುವ ಹಾರ್ಡ್ ಕೇಸ್ ಇದ್ದರೆ ಮಾತ್ರ ಅದಕ್ಕೆ ಅರ್ಥ. ಅರ್ಧ ಕೆಜಿಯಾದರೂ ಇರಲಿ. ಬಣ್ಣ ಬದಲಿಸುವ ಜಾತಿ ತೆಗೆದುಕೊಳ್ಳಿ, ಕಿತ್ತಳೆ ಬಣ್ಣದ್ದು ತೇವ ಕುಡಿದಾಗ ಹಸಿರಾಗುತ್ತದೆ. ಆಗ ಓವನ್‌ನಲ್ಲಿ 110-120 ಡಿಗ್ರಿಯಲ್ಲಿ ಒಂದೆರಡು ಗಂಟೆ ಇಟ್ಟರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಪ್ರಶ್ನೆ ಇರುವುದು ಇಲ್ಲಿ. ಅದನ್ನು ಪ್ರತಿ ವಾರ ಯಾರು ಮಾಡುತ್ತಾರೆ? ಹುಡುಗ ಬೆಂಗಳೂರಿನಲ್ಲಿ.

ಅರಸೀಕೆರೆ_ತೆಂಗು

ತೇವ ಎಳೆಯುವ ಯಂತ್ರ ಇಟ್ಟರೆ ಆಗಲ್ವಾ? ಡಿಹ್ಯುಮಿಡಿಫೈಯರ್.

ರೋಬಸ್ಟಾ_ಸಕಲೇಶಪುರ

ಇಡಬಹುದು. ಕರೆಂಟೂ ಒಂದು ಕೊಡಿಸಿ. ನಮ್ಮಲ್ಲಿ ಜೋರು ಮಳೆಗೆ ಮರ ಬಿದ್ದರೆ ಮೂರು ದಿನ ಕತ್ತಲೆ.

ಕೊಟ್ಟಿಗೆಹಾರ_ಹುಡುಗ

ನಮ್ಮಲ್ಲೂ ಅದೇ ಕಥೆ. ಅಪ್ಪ ಒಂದು ಉಪಾಯ ಹೇಳುತ್ತಿದ್ದಾರೆ. ಬಚ್ಚಲ ಒಲೆಯ ಮೇಲೆ ಅಟ್ಟ ಇದೆಯಲ್ಲ, ಅಲ್ಲಿ ಯಾವಾಗಲೂ ಬೆಚ್ಚಗೆ. ಹಪ್ಪಳ, ಬೀಜದ ಸೌತೆಕಾಯಿ, ಬುಟ್ಟಿ ಎಲ್ಲ ಅಲ್ಲೇ ಇರುವುದು, ಒಂದಕ್ಕೂ ಬೂಷ್ಟು ಬಂದಿಲ್ಲ. ಅಲ್ಲಿಡು ಅನ್ನುತ್ತಾರೆ.

ಹಳೇ_ಆರ್ಕೆಸ್ಟ್ರಾ_ಹಾಸನ

ಅಪ್ಪನಿಗೆ ನಮಸ್ಕಾರ ಹೇಳಿ, ಆದರೆ ಇಡಬೇಡಿ. ಬೆಳಗ್ಗೆ ನೀರು ಕಾಯಿಸುವಾಗ ಕೆಂಡದ ಬಿಸಿ, ಮಧ್ಯಾಹ್ನ ತಣ್ಣಗೆ, ಸಂಜೆ ಮತ್ತೆ ಬಿಸಿ, ಜೊತೆಗೆ ಹೊಗೆ, ಹಂಡೆಯ ಹಬೆ. ಮರ ದಿನಕ್ಕೆರಡು ಸಲ ಉಬ್ಬಿ ಕುಗ್ಗುತ್ತದೆ. ಒಂದೇ ಸಮ 75 ಇದ್ದರೆ ಬೇಸ್ ತಡೆದುಕೊಳ್ಳುತ್ತದೆ. 40, 90, 40, 90 ಅಂತ ಕುಣಿದರೆ ತಡೆಯುವುದಿಲ್ಲ. ಹಪ್ಪಳಕ್ಕೆ ಶ್ರುತಿ ಇಲ್ಲ.

ಸೋಲ್ಡರ್_ಚಿಕ್ಕಮಗಳೂರು

ಅಪ್ಪನ ಲೆಕ್ಕದ ಹಿಂದಿರುವ ವಿಜ್ಞಾನ ಮಾತ್ರ ಸರಿ. ಗಾಳಿ ಬೆಚ್ಚಗಾದರೆ ಅದೇ ತೇವ ಕಡಿಮೆ ಲೆಕ್ಕಕ್ಕೆ ಬರುತ್ತದೆ. 22 ಡಿಗ್ರಿಯಲ್ಲಿ ಶೇ. 90 ಇರುವ ಗಾಳಿಯನ್ನು 26 ಡಿಗ್ರಿಗೆ ಏರಿಸಿದರೆ ಸುಮಾರು 70ಕ್ಕೆ ಇಳಿಯುತ್ತದೆ. ಬರೀ ನಾಲ್ಕು ಡಿಗ್ರಿ! ಅದಕ್ಕೇ ನಮ್ಮ ಹಿರಿಯರು ರೇಷ್ಮೆ ಸೀರೆಯ ಬೀರುವಿನೊಳಗೆ ಸಣ್ಣ ಬಲ್ಬ್ ಹಾಕುತ್ತಿದ್ದುದು.

ನಾನಾದರೆ ಹೀಗೆ ಮಾಡುತ್ತೇನೆ. ಒಳಕೋಣೆಯ ಮರದ ಬೀರು, ಕೆಳಗೆ ಒಂದು ಮೂಲೆಯಲ್ಲಿ 15 ವ್ಯಾಟ್‌ನ ಹಳೇ ಮಾದರಿ ಬಲ್ಬ್. ಎಲ್‌ಇಡಿ ಹಾಕಿದರೆ ಬಿಸಿಯೇ ಬರುವುದಿಲ್ಲ. ಬಲ್ಬಿನ ಸುತ್ತ ಜಾಲರಿ ಕಡ್ಡಾಯ. ಬೇಸ್ ಅದರ ನೇರ ಮೇಲೆ ಬೇಡ, ಎದುರು ಮೂಲೆಯಲ್ಲಿ ಸ್ಟ್ಯಾಂಡ್ ಮೇಲೆ ನಿಲ್ಲಲಿ, ಬ್ಯಾಗ್ ಇಲ್ಲದೆ. ಬಟ್ಟೆ, ಪೇಪರ್ ಹತ್ತಿರ ಸುಳಿಯಬಾರದು. ಬೀರುವಿನ ಬಾಗಿಲು ಒಂದು ಬೆರಳಿನಷ್ಟು ತೆರೆದಿರಲಿ. ಮನೆಯಲ್ಲಿ ಜನ ಎದ್ದಿರುವಾಗ ಮಾತ್ರ ಹಚ್ಚಬೇಕು. ಕರೆಂಟ್ ಹೋದ ದಿನ ಹೋಯಿತು, ಒಂದೆರಡು ದಿನಕ್ಕೆ ಮರ ಮುನಿಸಿಕೊಳ್ಳುವುದಿಲ್ಲ.

ಮಲೆನಾಡು_ಲೋ_ನೋಟ್

ತಂತಿಗೆ ಏನು ಮಾಡಬೇಕು? ಹೊಸ ಸೆಟ್ ಹಾಕಿ ಒಂದೂವರೆ ತಿಂಗಳಿಗೇ ಕೆಂಪಗಾಯಿತು.

ರೋಬಸ್ಟಾ_ಸಕಲೇಶಪುರ

ನುಡಿಸಿದ ಮೇಲೆ ಪ್ರತಿ ಸಲ ಒಣ ಹತ್ತಿ ಬಟ್ಟೆಯಿಂದ ಒರೆಸಬೇಕು, ತಂತಿಯ ಕೆಳಭಾಗವನ್ನೂ. ಬಟ್ಟೆಯನ್ನು ತಂತಿಯಡಿ ತೂರಿಸಿ ಎಳೆಯಿರಿ. ಕೈ ಬೆವರಿನ ಉಪ್ಪು ಮತ್ತು ಮಳೆಗಾಲದ ತೇವ ಸೇರಿದರೆ ತುಕ್ಕಿಗೆ ಇನ್ನೇನೂ ಬೇಡ. ತುಂಬಾ ಕಾಟ ಇದ್ದರೆ ಸ್ಟೇನ್‌ಲೆಸ್ ಸ್ಟೀಲ್ ತಂತಿ ಹಾಕಿ. ಬೆಲೆ ಸ್ವಲ್ಪ ಜಾಸ್ತಿ, ಬೆರಳಿಗೆ ಒರಟು.

ಹಳೇ_ಆರ್ಕೆಸ್ಟ್ರಾ_ಹಾಸನ

ಅಥವಾ ಫ್ಲಾಟ್‌ವೌಂಡ್ ಹಾಕಮ್ಮ, ಮೇಲೆ ಚಪ್ಪಟೆ ಪಟ್ಟಿ ಸುತ್ತಿದ ತಂತಿ. ಹೊರಗೆ ನುಣುಪು, ಸಂದಿಯಲ್ಲಿ ಕೊಳೆ ಕೂರಲು ಜಾಗ ಕಡಿಮೆ. ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ತಂತಿ ಕಡಿದು ಹೋಗುವವರೆಗೆ ಬದಲಿಸುತ್ತಿರಲಿಲ್ಲ ಅಂತ ಪ್ರಸಿದ್ಧಿ. ನಾನೂ ಬದಲಿಸುತ್ತಿರಲಿಲ್ಲ, ಆದರೆ ಅದು ದುಡ್ಡಿಲ್ಲದೆ.

ಸೋಲ್ಡರ್_ಚಿಕ್ಕಮಗಳೂರು

ಆಕ್ಟಿವ್ ಬೇಸ್ (ಒಳಗೆ ಬ್ಯಾಟರಿ ಇರುವಂಥದ್ದು) ಇರುವವರು ಒಂದು ನೆನಪಿಡಿ. ಕೇಬಲ್ ಚುಚ್ಚಿದ ಕೂಡಲೇ ಒಳಗಿನ ಸರ್ಕ್ಯೂಟ್ ಆನ್ ಆಗುತ್ತದೆ. ಜ್ಯಾಕೇ ಸ್ವಿಚ್. ಕೇಬಲ್ ಬಿಟ್ಟು ಮಲಗಿದರೆ ಬ್ಯಾಟರಿ ಖಾಲಿ. ತಿಂಗಳುಗಟ್ಟಲೆ ಇಡುವುದಾದರೆ ಬ್ಯಾಟರಿ ತೆಗೆದೇ ಇಡಿ. ಕೊಟ್ಟಿಗೆಹಾರದವರ ಸೋರಿದ ಬ್ಯಾಟರಿಯಂಥದ್ದನ್ನು ನಾನು ವರ್ಷಕ್ಕೆ ನಾಲ್ಕಾದರೂ ನೋಡುತ್ತೇನೆ.

ನಾಬ್ ತಿರುಗಿಸಿದಾಗ ಕರಕರ ಬಂದರೆ ಕಾಂಟ್ಯಾಕ್ಟ್ ಕ್ಲೀನರ್ ಎರಡು ಚಿಮ್ಮು ಹಾಕಿ ಇಪ್ಪತ್ತು ಸಲ ಆ ಕಡೆ ಈ ಕಡೆ ತಿರುಗಿಸಿ. ಬಾಗಿಲ ತಿರುಗಣೆಗೆ ಹಾಕುವ ಸ್ಪ್ರೇ ಬೇಡ.

ಅಕ್ಟೋಬರ್‌ನಲ್ಲಿ ವಾಪಸ್ ಬಂದಾಗ ನೆಕ್ ಸ್ವಲ್ಪ ಸರಿದಿರುತ್ತದೆ. ಗಾಬರಿ ಬೇಡ. ಒಂದೊಂದು ನೆಕ್ ಒಂದೊಂದು ಕಡೆ ಹೋಗುತ್ತದೆ, ಅದಕ್ಕೆ ಮೊದಲು ನೋಡಿ, ಆಮೇಲೆ ಕೈ ಹಾಕಿ. ಶ್ರುತಿ ಮಾಡಿ, ದಪ್ಪ ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ ಕೊನೆಯ ಫ್ರೆಟ್ಟಿನಲ್ಲೂ ಒತ್ತಿ ಹಿಡಿಯಿರಿ. ನಡುವೆ, ಎಂಟನೇ ಫ್ರೆಟ್ ಹತ್ತಿರ, ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಇದ್ದರೆ ಸರಿ. ಸಂದಿ ಜಾಸ್ತಿ ಇದ್ದರೆ ಟ್ರಸ್ ರಾಡ್ ಬಿಗಿ ಮಾಡಿ, ಸಂದಿಯೇ ಇಲ್ಲದಿದ್ದರೆ ಸಡಿಲ ಮಾಡಿ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ಮತ್ತೆ ಶ್ರುತಿ ಮಾಡಿ ಒಂದು ರಾತ್ರಿ ಬಿಡಿ. ಅದನ್ನು ತಿರುಗಿಸಲು ಬೇಸ್ ಜೊತೆ ಬಂದ ಅಲೆನ್ ಕೀ ಸರಿಯಾಗಿ ಕೂರದಿದ್ದರೆ ಬೇರೆ ಅಳತೆಯದ್ದರಿಂದ ಒತ್ತಾಯ ಮಾಡಬೇಡಿ. ನಟ್ಟಿನ ಒಳಮೂಲೆ ಸವೆದು ಹೋದರೆ ಆ ನೆಕ್ ನನ್ನಂಥವನ ಕೈಗೆ ಬಂದೂ ಪ್ರಯೋಜನವಿಲ್ಲ.

ಕೊಟ್ಟಿಗೆಹಾರ_ಹುಡುಗ

ಎಲ್ಲರಿಗೂ ಧನ್ಯವಾದ. ಕಳೆದ ವಾರ ಹೋಗಿ ಬಂದೆ. ಅಜ್ಜಿಯ ಬೀರು ಖಾಲಿ ಇತ್ತು, ಒಳಕೋಣೆಯಲ್ಲಿದೆ. ಬಲ್ಬಿಗೆ ಅಪ್ಪ ಹಳೇ ಕೋಳಿಗೂಡಿನ ಜಾಲರಿ ಕತ್ತರಿಸಿ ಬುಟ್ಟಿ ಮಾಡಿಕೊಟ್ಟರು. ಬ್ಯಾಟರಿ ತೆಗೆದೆ. ಸ್ಟ್ರ್ಯಾಪ್ ಬಿಚ್ಚಿ ಬೆಂಗಳೂರಿಗೆ ತಂದೆ. ತಂತಿ ಶ್ರುತಿಯಲ್ಲೇ ಬಿಟ್ಟಿದ್ದೇನೆ. ಹೈಗ್ರೋಮೀಟರ್ ಬೀರುವಿನೊಳಗೆ ನೇತುಹಾಕಿ, 70 ದಾಟಿದರೆ ಬಲ್ಬ್ ಹಾಕು ಅಂತ ಅಮ್ಮನಿಗೆ ಹೇಳಿ ಬಂದೆ.

ಕಾಫಿನಾಡು_ಅಕ್ಕ

ಜುಲೈ ಆದ ಮೇಲೆ ಹೇಳಿ ನೋಡೋಣ.

ಕೊಟ್ಟಿಗೆಹಾರ_ಹುಡುಗ

ಜುಲೈ ಕೊನೆ ಆಯಿತು ಅಕ್ಕ. ಅಮ್ಮ ದಿನಾ ಬೆಳಗ್ಗೆ ಮೀಟರಿನ ಫೋಟೊ ಕಳಿಸುತ್ತಾರೆ. ಮೊದಲು ನನ್ನ ತಿಂಡಿ ಆಯಿತಾ ಅಂತ ಕೇಳುತ್ತಿದ್ದವರು ಈಗ ನೇರವಾಗಿ "74" ಅಂತಾರೆ. ಬಲ್ಬ್ ಇಲ್ಲದ ದಿನ 86ರವರೆಗೆ ಹೋಗಿದೆ, ಬಲ್ಬ್ ಇದ್ದರೆ 66-68. ಕಳೆದ ವಾರ ಎರಡು ದಿನ ಕರೆಂಟ್ ಇರಲಿಲ್ಲ, ಆದರೂ ಬೂಷ್ಟು ಕಾಣಿಸಿಲ್ಲ. ಮೂರನೇ ತಂತಿಯ ಮೇಲೆ ಮಾತ್ರ ಸಣ್ಣ ಕೆಂಪು ಚುಕ್ಕೆ ಇದೆಯಂತೆ.

ನಿನ್ನೆಯ ಮೆಸೇಜ್ ಹೀಗಿತ್ತು: "69. ಒರೆಸಿದೆ. ನಿಮ್ಮಪ್ಪ ಮೇಲಿನ ದಪ್ಪ ತಂತಿ ಮೀಟಿದರು. ಸ್ಪೀಕರ್ ಇಲ್ಲದೆ ಸದ್ದೇ ಬರಲ್ಲ ಅಂತ ನೀನು ಅಂತಿದ್ದೆ, ಬೀರುವಿನ ಬಾಗಿಲೇ ನಡುಗಿತು. ದಿನಾ ಸಂಜೆ ಹೋಗಿ ಒಂದು ಸಲ ಮೀಟಿ ಬರ್ತಾರೆ."

ಹಳೇ_ಆರ್ಕೆಸ್ಟ್ರಾ_ಹಾಸನ

ಅದು ಇ ತಂತಿ. ಪಕ್ಕದ್ದು ಎ. ಅಪ್ಪನಿಗೆ ಅದನ್ನೂ ತೋರಿಸಿಕೊಡಿ.